ಹಿಮ್ಮೇಳಕ್ಕೆ ಕಾಗದವಿಲ್ಲ

ಏಪ್ರಿಲ್ 11, 2025, ಶುಕ್ರವಾರ

ಮೂರು ವರ್ಷದ ಹಿಂದಿನ ಹಾಜರಿ ಪುಸ್ತಕವೊಂದು ನಾನು ಕಲಿಸುವ ಅಂಗನವಾಡಿಯ ಟ್ರಂಕಿನಲ್ಲಿ ಖಾಲಿ ಬಿದ್ದಿತ್ತು. ಮಕ್ಕಳ ಹೆಸರು ಬರೆಯುವ ಗೆರೆಗಳ ಮೇಲೆ ಇವತ್ತಿನಿಂದ ನನ್ನ ಸಿಟ್ಟನ್ನು ಬರೆಯುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ಬಾಯಿಗೆ ಬೀಗ ಹಾಕಿದ ಮೇಲೆ ಕೈಯಾದರೂ ಮಾತಾಡಬೇಕಲ್ಲ.

ಆದದ್ದು ಇಷ್ಟು. ಹೋದ ವಾರ ನಾದಿನಿಯ ಮಗಳ ಮದುವೆಯಲ್ಲಿ ಹಂದರದ ಕೆಳಗೆ ನಿಂತು ‘ಹತ್ತಿ ಬಿಡಿಸುವ ಕೈಗೆ’ ಹಾಡಿದೆ. ಯಾರೋ ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದರು. ಇವತ್ತು ನೋಡಿದರೆ ಅದು ಇಲ್ಲ. ಅದರ ಜಾಗದಲ್ಲಿ ಕಪ್ಪು ಪರದೆ, ಇಂಗ್ಲಿಷಿನಲ್ಲಿ ಎರಡು ಸಾಲು. ಮಧ್ಯಾಹ್ನ ನನ್ನ ಹೆಸರಿಗೆ ರಿಜಿಸ್ಟರ್ ಪತ್ರವೂ ಬಂತು. ನಮ್ಮ ಗಡಿಯೂರು ಹೊಳಗುಂದದ ಪೋಸ್ಟ್ ಮಾಸ್ಟರು ಕನ್ನಡಕ ಏರಿಸಿಕೊಂಡು ಓದಿ ಅರ್ಥ ಹೇಳಿದರು. ಹೈದರಾಬಾದಿನ ಕಂಪನಿಯೊಂದರ ಅಪ್ಪಣೆಯಿಲ್ಲದೆ ನಾನು 2029ರ ಜನವರಿಯವರೆಗೆ ಎಲ್ಲಿಯೂ ಹಾಡಕೂಡದಂತೆ. ಮದುವೆಯಲ್ಲಿಯೂ ಕೂಡದಂತೆ.

ಹೈದರಾಬಾದಿನ ಕಂಪನಿಯ ಮುಖವನ್ನೇ ನಾನು ಕಂಡಿಲ್ಲ. ಹೋದ ವರ್ಷ ಸಹಿ ಹಾಕಿದ್ದು ಆದೋನಿಯ ವಾಗೀಶನ ‘ಬಿಳಿಜೋಳ ಆಡಿಯೋ’ಕ್ಕೆ. ನಮ್ಮವ್ವನ ಒಂಬತ್ತು ಪದಗಳನ್ನು ಅಲ್ಲಿ ಹಾಡಿದೆ. ನಾಲ್ಕು ಲಕ್ಷ ಜನ ಕೇಳಿದರು. ಮುಖ್ಯ ಗಾಯಕಿ ದಸ್ತಗಿರಮ್ಮ ಎಂದು ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬಂತು. ಮೊಹರಮ್ಮಿನ ಪೀರಲ ದೇವರಿಗೆ ಹರಕೆ ಹೊತ್ತು ಅವ್ವ ಇಟ್ಟ ಹೆಸರು ಅಷ್ಟು ದೊಡ್ಡದಾಗಿ ಬರೆದದ್ದನ್ನು ನಾನು ಅದೇ ಮೊದಲು ನೋಡಿದ್ದು.

ದುಡ್ಡಿನ ಮಾತು ಇಲ್ಲಿ ಬರೆಯುವುದಿಲ್ಲ. ನಾನು ಅದನ್ನು ಕೇಳಿದವಳಲ್ಲ, ಈಗಲೂ ಕೇಳುತ್ತಿಲ್ಲ. ನನ್ನ ಬಾಯಿಯನ್ನು ವಾಪಸ್ಸು ಕೇಳುತ್ತಿದ್ದೇನೆ.

ಏಪ್ರಿಲ್ 14, ಸೋಮವಾರ

ಅಂಬೇಡ್ಕರ್ ಜಯಂತಿಯ ರಜೆ. ಬೆಳಗಿನ ಬಸ್ಸಿಗೆ ಆದೋನಿಗೆ ಹೋದೆ.

ವಾಗೀಶನ ಸ್ಟುಡಿಯೋ ಎಂದರೆ ಅವರಪ್ಪ ಮರಿಬಸಪ್ಪ ಸಾವ್ಕಾರರ ಹತ್ತಿ ಗೋದಾಮು. ಗೋಡೆ ಕಾಣದ ಹಾಗೆ ಮೂರು ಕಡೆಯೂ ಸೂರಿನವರೆಗೆ ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಪೇರಿಸಿದ್ದಾನೆ. ಹಾಡಿದ ದನಿ ಹತ್ತಿಯೊಳಗೆ ಹೋಗಿ ಅಲ್ಲೇ ಅಡಗುತ್ತದೆ, ಮರುದನಿ ಅನ್ನುವುದೇ ಇಲ್ಲ. ಪಟ್ಟಣದವರು ಗೋಡೆಗೆ ಏನೇನೋ ಅಂಟಿಸಿ ಮಾಡಿಕೊಳ್ಳುವುದನ್ನು ಇವನು ಅಪ್ಪನ ಸರಕಿನಲ್ಲಿ ಮಾಡಿಕೊಂಡ. ರೇಟು ಏರಿದ ದಿನ ಸಾವ್ಕಾರರು ಬೇಲು ಮಾರಿಬಿಡುತ್ತಾರೆ, ಅವತ್ತಿಗೆ ಸ್ಟುಡಿಯೋ ಬಂದ್.

ಪತ್ರ ಅವನ ಮುಂದೆ ಇಟ್ಟೆ. ಅವನು ಓದಲಿಲ್ಲ, ಆಗಲೇ ಗೊತ್ತಿತ್ತು ಅಂತ ಕಾಣುತ್ತದೆ.

“ಅಕ್ಕಾರ, ನಿಮ್ಮ ಕಾಗದ ನನ್ನ ಹತ್ರ ಇಲ್ರಿ.”

“ಮತ್ತ ಎಲ್ಲಿ ಐತಿ?”

“ಹೈದರಾಬಾದಿನ್ಯಾಗ. ನಿಮ್ಮ ಪದ ಎಲ್ಲಾ ಕಡಿ ಹಂಚತೀವಿ ಅಂದ್ರು. ಬರೇ ಹಂಚಾಕ ಅಂತ ತಿಳಕೊಂಡು ಸಹಿ ಮಾಡಿದೆ. ಅದರಾಗ ರಿಕಾರ್ಡಿಂಗು, ನಿಮ್ಮ ಅಗ್ರಿಮೆಂಟು, ಬಿಳಿಜೋಳ ಅನ್ನೋ ಹೆಸರು, ಎಲ್ಲಾ ಅವರಿಗೇ ಹೋತು ಅಂತ ಈಗ ಹೇಳಾಕತ್ಯಾರ.”

“ಸಹಿ ಮಾಡೋಕಿಂತ ಮೊದಲು ಓದಲಿಲ್ಲೇನ್ರಿ ವಾಗೀಶಪ್ಪ?”

“ನೀವು ಓದಿದ್ರೇನ್ರಿ ಅಕ್ಕಾರ?”

ಪತ್ರ ಮಡಚಿಕೊಂಡು ಎದ್ದೆ. ಬಸ್ಸಿನಲ್ಲಿ ಉದ್ದಕ್ಕೂ ಅದೇ ಮಾತು ತಲೆಯಲ್ಲಿ ತಿರುಗಿತು. ನಮ್ಮಲ್ಲಿ ಪದ ಹಾಡುವವರಿಗೆ ವೀಳ್ಯವೇ ಕರಾರು. ತಾಟಿನಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಕುಪ್ಪಸದ ಕಣ ಇಟ್ಟು ಕೊಟ್ಟರು, ನಾವು ಎರಡೂ ಕೈಯಿಂದ ಹಿಡಿದೆವು, ಅಲ್ಲಿಗೆ ಮಾತು ಮುಗಿಯಿತು. ಹಿಡಿದ ಮೇಲೆ ‘ಎಷ್ಟು, ಏನು, ಯಾಕೆ’ ಅಂದವಳನ್ನು ಮುಂದಿನ ಹಂದರಕ್ಕೆ ಯಾರೂ ಕರೆಯುವುದಿಲ್ಲ. ಅವತ್ತು ವಾಗೀಶ ಮೊದಲು ವೀಳ್ಯ ಕೊಟ್ಟ, ಆಮೇಲೆ ಕಾಗದ ಚಾಚಿದ. ವೀಳ್ಯ ಹಿಡಿದು ಆಗಿತ್ತಲ್ಲ, ಕಾಗದವೂ ಅದರ ಜೊತೆಗಿನ ಕುಂಕುಮದ ಪೊಟ್ಟಣದಂಥದೇ ಅಂದುಕೊಂಡು ಸಹಿ ಹಾಕಿದೆ. ಇಂಗ್ಲಿಷಿನ ಹನ್ನೊಂದು ಹಾಳೆಗೆ ಹನ್ನೊಂದು ಸಹಿ. ಪ್ರತಿಯೊಂದೂ ದುಂಡಗೆ, ಚೆಂದಗೆ.

ಏಪ್ರಿಲ್ 17, ಗುರುವಾರ

ನನ್ನನ್ನು ಹಾಡಲು ಕರೆದಿದ್ದ ಹೆಬ್ಬಟಂನ ಮದುವೆಯವರು ಫೋನ್ ಮಾಡಿದ್ದರು. “ನೀವು ಬರೋದು ಬ್ಯಾಡ್ರಿ, ಕೋರ್ಟು ಕಚೇರಿ ಅಂತ ಜನ ಅನ್ನಾಕತ್ಯಾರ” ಎಂದರು. ಬರುವುದಿಲ್ಲ ಎಂದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೆ ನಾನು ಇಲಿ ಅಲ್ಲ.

ಏಪ್ರಿಲ್ 22, ಮಂಗಳವಾರ

ಇವತ್ತು ಮತ್ತೊಂದು ಕೇಳಿ ನೆತ್ತಿಗೆ ಉರಿ ಹತ್ತಿತು.

ನನ್ನ ಹಿಂದೆ ನಿಂತು ಸೊಲ್ಲು ಹಿಡಿಯುವ ಮೂವರಲ್ಲಿ ಈಶ್ವರಿ ಎಂಬ ಹುಡುಗಿ ಒಬ್ಬಳು. ಮಿಕ್ಕವರು ಜಯಕ್ಕ, ರಾಮಲಕ್ಷ್ಮಿ. ಮೂವರೂ ಹೊಲದ ಕೂಲಿಯವರು. ನಾನು ಒಂದು ಸಾಲು ಎತ್ತಿದರೆ ಅದನ್ನೇ ಎರಡು ಸಲ ತಿರುಗಿಸುವುದು ಅವರ ಕೆಲಸ. ಆ ಈಶ್ವರಿ ಮನೆ ಬಾಗಿಲಿಗೆ ಬಂದು ಸೆರಗಿನ ತುದಿ ತಿರುವುತ್ತ ನಿಂತಳು.

“ಅಕ್ಕಾರ, ವಾಗೀಶಪ್ಪ ನಮ್ಮನಿಗಿ ಬಂದಿದ್ದ. ಹೈದರಾಬಾದಿನವರು ಹೇಳ್ಯಾರಂತ. ಮುಂದಿನ ಪದಕ್ಕ ನೀನು ಮುಂದ ನಿಂದ್ರು ಅಂತಾನ. ತಾಟಿನ್ಯಾಗ ಎಲಿ ಅಡಿಕಿ ಇಟ್ಟು ಹೋಗ್ಯಾನ. ನಾ ಮುಟ್ಟಿಲ್ರಿ. ನಿಮ್ಮನ್ನ ಕೇಳದ ಹ್ಯಾಂಗ ಮುಟ್ಲಿ ಅಂತ ಬಂದೆ.”

ನಾನು ಏನೆಂದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. “ಹಿಂದ ನಿಂತಾಕಿ ಮುಂದ ಬಂದ್ರ ಪದ ಸಾಯತೈತಿ. ಹೋಗು, ಹಿಡಕೋ ಹೋಗು ಎಲಿ ಅಡಿಕಿ. ಕಾಗಿ ಗಂಟಲಕ್ಕ ಹೈದರಾಬಾದೇ ಸರಿ.”

ಅವಳು ತಿರುವುತ್ತಿದ್ದ ಸೆರಗನ್ನು ಬಿಟ್ಟಳು. “ಬರತೀನ್ರಿ ಅಕ್ಕಾರ” ಅಂದು ಹೋದಳು.

ಒಳಗೆ ಮಷಿನಿನ ಮುಂದೆ ಕೂತಿದ್ದ ನಮ್ಮ ಯಜಮಾನರು ಕಾಲು ನಿಲ್ಲಿಸಿದರು. ಅವರು ಟೇಲರು. ಹೆಸರು ಉರುಕುಂದಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಪುಸ್ತಕದಲ್ಲಿ ಬರೆದರೆ ದೋಷವಿಲ್ಲ ಅಂದುಕೊಂಡಿದ್ದೇನೆ. “ಹೈದರಾಬಾದಿನವರ ಮ್ಯಾಲಿನ ಸಿಟ್ಟು ಹೊಳಗುಂದದಾಗ ಇಳಿಸಿದಿ” ಎಂದರು. ತಿರುಗಿ ಮಷಿನು ತುಳಿಯತೊಡಗಿದರು.

ತುಳಿಯಲಿ. ನಾನು ಅಂದದ್ದರಲ್ಲಿ ತಪ್ಪೇನಿದೆ? ಅವು ನನ್ನ ಪದ.

ಏಪ್ರಿಲ್ 25, ಶುಕ್ರವಾರ

ವೀಳ್ಯ ವಾಪಸ್ಸು ಕೊಟ್ಟು ಬಂದೆ.

ಮೂರು ದಿನ ಯೋಚಿಸಿದ್ದು ಇದನ್ನೇ. ಅವರ ಕರಾರು ಕಾಗದದ್ದಾದರೆ ನನ್ನದು ವೀಳ್ಯದ್ದು. ಹಿಡಿದ ವೀಳ್ಯವನ್ನು ಹಿರಿಯರ ಎದುರು ತಿರುಗಿಸಿ ಕೊಟ್ಟರೆ ಬಿಡುಗಡೆ. ಎಲೆ, ಅಡಿಕೆ, ಕಾಯಿ ಹೊಸದು ತಂದೆ. ಕುಪ್ಪಸದ ಕಣದ್ದೇ ತೊಡಕಾಯಿತು. ಅದನ್ನು ಯಜಮಾನರು ಹೊಲಿದು, ನಾನು ತೊಟ್ಟು, ಕಂಕುಳಲ್ಲಿ ಬಣ್ಣ ಹೋಗಿ ವರ್ಷವಾಗಿದೆ. “ಹೊಲಿದ ಜಂಪರನ್ನೇ ಕೊಡು, ಸಾವ್ಕಾರ್ರು ತೊಟ್ಕೊಳ್ಳಲಿ” ಎಂದು ನಕ್ಕರು. ಕೊನೆಗೆ ಗಿರಾಕಿಗೆಂದು ತಂದಿಟ್ಟಿದ್ದ ಹಸಿರು ಕಣವನ್ನು ತಾವೇ ತೆಗೆದು ತಾಟಿನಲ್ಲಿ ಇಟ್ಟರು.

ಮರಿಬಸಪ್ಪ ಸಾವ್ಕಾರರು ಅಂಗಡಿಯಲ್ಲಿ ಹತ್ತಿಯ ಎಳೆಯನ್ನು ಬೆರಳಿನಲ್ಲಿ ಎಳೆದು ನೋಡುತ್ತಿದ್ದರು. ವಿಭೂತಿಯ ಹಣೆ, ಬಿಳಿ ಮೀಸೆ, ಕಡಿಮೆ ಮಾತು. ತಾಟು ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅವರು ಮಗನನ್ನು ಕರೆಸಿದರು.

“ವಿಡಿಯೋದಾಗ ‘ಸಾಹಿತ್ಯ, ಸಂಗೀತ: ವಾಗೀಶ್’ ಅಂತ ಐತಲ್ಲ, ಖರೇನಾ?”

“ಹಂಗ ಹಾಕ್ತಾರಪ್ಪ ಎಲ್ಲಾರೂ. ಕಂಪನಿ ಮಾಲೀಕನ ಹೆಸರು ಹಾಕೋದು ಪದ್ಧತಿ.”

“ಹಂಗಾರ ಒಂದು ಪದ ಕಟ್ಟು. ಈಗ, ಇಲ್ಲೇ. ಮೂರೇ ಸಾಲು. ಈಕಿ ಕೇಳಲಿ, ನಾನೂ ಕೇಳ್ತೀನಿ.”

ಅಂಗಡಿಯಲ್ಲಿ ಹತ್ತಿ ತೂಗುವವರೂ ಕೆಲಸ ನಿಲ್ಲಿಸಿದರು. ವಾಗೀಶ ನೆಲ ನೋಡಿದ. ಅವನ ಮೇಲೆ ಅರೆಗಳಿಗೆ ಕನಿಕರ ಬಂತು, ಅದನ್ನು ಬರದ ಹಾಗೆ ತಡೆದೆ.

ಸಾವ್ಕಾರರು ಎದ್ದು ಎರಡೂ ಕೈಯಿಂದ ತಾಟು ಹಿಡಿದರು. “ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ. ನಮ್ಮ ಮನಿಯಿಂದ ನೀನು ಬಿಡುಗಡಿ ಆದೆವ್ವ. ಕಾಗದ ಮಾತ್ರ ನನ್ನ ಕೈಯಾಗ ಇಲ್ಲ. ಈ ಪದ ನಾ ಕಟ್ಟಿದ್ದಲ್ಲ ಅಂತ ಇವನ ಕೈಯಾಗ ಬರಸಿ ಕೊಡಸ್ತೀನಿ. ಅದು ನನ್ನ ಕೈಯಾಗ ಐತಿ.”

ಬರೆಸಿಯೇ ಕೊಟ್ಟರು. ವಾಗೀಶನ ಅಕ್ಷರ ಕೋಳಿ ಕೆದರಿದಂತಿದೆ. ಆದರೂ ಇಷ್ಟು ಒಳ್ಳೆಯ ಬರಹವನ್ನು ನಾನು ಈ ವರ್ಷ ಓದಿಲ್ಲ.

ಮೇ 6, ಮಂಗಳವಾರ

ವಕೀಲೆ ಸುಷ್ಮಾಳ ಮನೆಯಲ್ಲಿ ಎರಡು ತಾಸು. ಸಾವ್ಕಾರರೇ ಹೇಳಿ ಕಳಿಸಿದ್ದರು. ಇನ್ನೂ ಸಣ್ಣ ವಯಸ್ಸು, ಕನ್ನಡ ಮನೆಯವಳೇ, ಆವೇಶ ಬಂದಾಗ ಮಾತ್ರ ತೆಲುಗಿಗೆ ಜಾರುತ್ತಾಳೆ. ರಿಜಿಸ್ಟರ್ ಪತ್ರದ ಜೊತೆ ಬಂದಿದ್ದ ನಕಲಿನ ಹನ್ನೊಂದು ಹಾಳೆಯನ್ನು ಒಂದೊಂದೇ ಸಾಲಾಗಿ ಓದಿ ಹೇಳಿದಳು. ಅಂಗನವಾಡಿಯಲ್ಲಿ ನಾನು ಮಕ್ಕಳಿಗೆ ಹೇಳುವಂತೆ.

“ಅಕ್ಕಾರ, ರಿಕಾರ್ಡಿಂಗು ಬ್ಯಾರೆ, ಪದ ಬ್ಯಾರೆ. ರಿಕಾರ್ಡಿಂಗ್ ವಾಳ್ಳದಿ. ಪಾಟ ವಾಳ್ಳದಿ ಕಾದು. ರಿಕಾರ್ಡಿಂಗ್ ಅಷ್ಟ ಅವರದು, ಪದ ಅವರದಲ್ಲ. ಅಜ್ಜಿ ಮುತ್ತಜ್ಜಿ ಕಾಲದ ಪದ ಯಾರಪ್ಪನ ಆಸ್ತೀನೂ ಅಲ್ಲ. ವಾಗೀಶಣ್ಣನ ಚೀಟಿನೂ ಐತಿ. ಪದ ಯಾರಾದ್ರೂ ಹಾಡಬಹುದು.”

“ಹಂಗಾರ ನಾನು ಹಾಡಬಹುದು.”

“ನೀವೊಬ್ಬರು ಬಿಟ್ಟು. ಮುಖ್ಯ ಗಾಯಕಿ ಐದು ವರ್ಷ ಎಲ್ಲೂ ಹಾಡಂಗಿಲ್ಲ ಅಂತ ಸಹಿ ಮಾಡೀರಿ. ಇದು ನಿಂದ್ರತೈತೋ ಇಲ್ಲೋ ಅಂತ ಕೋರ್ಟಿನ್ಯಾಗ ಕೇಳಬಹುದು. ಕೇಳಿ ಮುಗಿಯೋದ್ರಾಗ ಐದು ವರ್ಷ ಮುಗಿದಿರತೈತಿ.”

ಊರಿನ ಕತ್ತೆಯೂ ಹಾಡಬಹುದು, ನಾನು ಹಾಡಬಾರದು. ಇದು ನ್ಯಾಯವಂತೆ.

ಆಮೇಲೆ ಏಳನೆಯ ಕಲಂ ಓದಿದಳು. ‘ಹಿಮ್ಮೇಳದವರು ಈ ಒಪ್ಪಂದದ ಲೆಕ್ಕಕ್ಕೆ ಬರುವುದಿಲ್ಲ. ಹಿಮ್ಮೇಳದ ದನಿಯನ್ನು ಗಾಯನವೆಂದು ಪರಿಗಣಿಸತಕ್ಕದ್ದಲ್ಲ. ಅವರಿಗೆ ಹೆಸರಾಗಲಿ, ಹಕ್ಕಾಗಲಿ ಇರುವುದಿಲ್ಲ.’

“ಎಂಥ ಸೊಕ್ಕು ಅಕ್ಕಾರ ಇವರಿಗೆ” ಎಂದು ಸುಷ್ಮಾ ಮುಖ ಸಿಂಡರಿಸಿದಳು.

ಸಹಿಯ ದಿನ ನೆನಪಾಯಿತು. ವಾಗೀಶ ಪೆನ್ನು ಹಿಡಿದು ಕೇಳಿದ್ದ, “ಅಕ್ಕಾರ, ಹಿಂದಿನ ಮೂರು ಮಂದಿ ಹೆಸರು ಹಾಕಬೇಕೇನ್ರಿ?” ಜಯಕ್ಕ, ರಾಮಲಕ್ಷ್ಮಿ, ಈಶ್ವರಿ ಅಲ್ಲೇ ಹತ್ತಿಯ ಬೇಲುಗಳಿಗೆ ಒರಗಿ ನಿಂತಿದ್ದರು. ನಾನು ಕುಪ್ಪಸದ ಕಣದ ಮಡಿಕೆ ಬಿಚ್ಚಿ ನೋಡುತ್ತ ಹೇಳಿದೆ, “ಹಿಮ್ಮೇಳದ ಹೆಸರು ಯಾರು ಕೇಳ್ತಾರ್ರಿ?”

ಆ ಕಲಂ ಹೈದರಾಬಾದಿನಲ್ಲಿ ಹುಟ್ಟಿದ್ದಲ್ಲ. ನನ್ನ ಬಾಯಲ್ಲಿ ಹುಟ್ಟಿದ್ದು. ಇದನ್ನು ಬರೆಯಲು ಅರ್ಧ ತಾಸು ಹಿಡಿಯಿತು.

ಮೇ 7, ಬುಧವಾರ

ರಜೆ. ಬೇಳೆ ಬಿಸಿಲಿಗೆ ಹಾಕಿದೆ, ಅಕ್ಕಿ ಆರಿಸಿದೆ, ಬೀರು ಒರೆಸಿದೆ. ಈಶ್ವರಿಯ ಮನೆಗೆ ಹೋಗಲಿಲ್ಲ.

ಮೇ 12, ಸೋಮವಾರ

ಹೋದೆ.

ಈಶ್ವರಿಯ ಮನೆಯ ಮುಂದೆ ಬೇವಿನ ಮರ. ಅದರ ಕೆಳಗೆ ಜೋಳ ಹಸನು ಮಾಡುತ್ತ ಕೂತಿದ್ದಳು. ಒಳಗೆ ಗೂಡಿನಲ್ಲಿ ವಾಗೀಶ ಇಟ್ಟುಹೋದ ತಾಟು ಹಾಗೇ ಇತ್ತು. ಎಲೆ ಒಣಗಿ ಸುರುಳಿ ಸುತ್ತಿದೆ, ಅಡಿಕೆಯ ಮೇಲೆ ಧೂಳು ಕೂತಿದೆ. ಇಪ್ಪತ್ತು ದಿನ ಅವಳು ಅದನ್ನು ಮುಟ್ಟಿಲ್ಲ. ನಾನು ಹಿಡಿದುಕೋ ಎಂದು ಒದರಿ ಕಳಿಸಿದ ಮೇಲೂ ಮುಟ್ಟಿಲ್ಲ.

ತಪ್ಪಾಯಿತು ಎನ್ನಲೆಂದೇ ಹೋಗಿದ್ದೆ. ಅದನ್ನು ಬಿಟ್ಟು ಮೊರ ಕಸಿದುಕೊಂಡು ಅವಳ ಜೋಳ ಕೇರತೊಡಗಿದೆ. ಒಂದು ಸೇರು ಮುಗಿದ ಮೇಲೆ ಕೇಳಿದೆ, “ಒಂಬತ್ತು ಪದದಾಗ ನಿನಗ ಎಷ್ಟು ಬರತಾವ?”

“ನೀವು ಎತ್ತಿದ್ರ ಎಲ್ಲಾ ಬರತಾವ್ರಿ.”

“ನಾ ಎತ್ತಂಗಿಲ್ಲ. ನೀನೇ ಎತ್ತಬೇಕು.”

ಏಳನೆಯ ಕಲಮನ್ನು ವಿವರಿಸಿದೆ. ಹಿಮ್ಮೇಳಕ್ಕೆ ಕಾಗದವೇ ಇಲ್ಲ, ಆದ್ದರಿಂದ ಅವರನ್ನು ಕಟ್ಟಿಹಾಕುವ ಹಗ್ಗವೂ ಇಲ್ಲ. ಒಂಬತ್ತೂ ಪದಗಳನ್ನು ಅವಳೇ ಮುಂದೆ ನಿಂತು ಹೊಸದಾಗಿ ಹಾಡಿ ಅವಳ ಹೆಸರಿನಲ್ಲೇ ಹಾಕಬಹುದು. ಹೈದರಾಬಾದಿನವರು ಹಲ್ಲು ಕಡಿದುಕೊಂಡು ಕೂರಬೇಕು.

ಅವಳು ಜೋಳದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದಳು. ಆಮೇಲೆ, “ಮತ್ತ ನೀವು?” ಅಂದಳು.

“ನಾನು ಕಲಸ್ತೀನಿ. ಕಲಸೋದಕ್ಕ ಯಾವ ಕಲಮೂ ಇಲ್ಲ.”

ಇದು ಅವರ ಮೇಲಿನ ಹಟಕ್ಕೆ ಮಾಡುತ್ತಿರುವುದು. ಬೇರೆ ಏನೂ ಅಲ್ಲ.

ಜೂನ್ 1, ಭಾನುವಾರ

ಕಲಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅವಳು ತಪ್ಪುತ್ತಾಳೆ, ನನಗೆ ಎದೆ ಉರಿಯುತ್ತದೆ. ನಾನು ಸರಾಗವಾಗಿ ಹಾಡಿ ತೋರಿಸಿದರೆ ಎರಡು ನಿಮಿಷದ ಕೆಲಸ. ಆದರೆ ಅವಳ ಮನೆ ಬೀದಿಯಲ್ಲಿದೆ, ಯಾರ ಕೈಯಲ್ಲಿ ಫೋನು ಇದೆಯೋ ಯಾರಿಗೆ ಗೊತ್ತು. ತುಟಿ ಮಾತ್ರ ಆಡಿಸುತ್ತೇನೆ, ತೊಡೆ ತಟ್ಟುತ್ತೇನೆ, ಬೆರಳಿನಲ್ಲಿ ಏರಿಳಿತ ತೋರಿಸುತ್ತೇನೆ. ರಾಮಲಕ್ಷ್ಮಿ ನೋಡಿ ನೋಡಿ ನಗುತ್ತಾಳೆ.

‘ಹತ್ತಿ ಬಿಡಿಸುವ ಕೈಗೆ’ಯಲ್ಲಿ ಈಶ್ವರಿ ಎರಡನೆಯ ಸಾಲಿನ ನಡುವೆ ಉಸಿರು ತೆಗೆದುಕೊಳ್ಳುತ್ತಾಳೆ.

ಹತ್ತಿ ಬಿಡಿಸುವ ಕೈಗೆ ಮುತ್ತೀನ ಬಳಿ ಯಾಕ
ಬಿತ್ತಿದ ಹೊಲವೆ ಒಡವ್ಯಾಗಿ | ಇರುವಾಗ
ಕತ್ತೆತ್ತಿ ನಡಿಯ ಬೀದ್ಯಾಗ

‘ಒಡವ್ಯಾಗಿ’ ಆದ ಮೇಲೆ ನಿಲ್ಲುತ್ತಾಳೆ. ನಾನು ಆ ಸಾಲನ್ನು ಒಂದೇ ಉಸಿರಿನಲ್ಲಿ ಎಳೆಯುತ್ತೇನೆ, ಜನ ಚಪ್ಪಾಳೆ ತಟ್ಟುವುದೇ ಅಲ್ಲಿ. ಹತ್ತು ಸಲ ತಿದ್ದಿದೆ. ಹತ್ತು ಸಲವೂ ಅಲ್ಲೇ ನಿಂತಳು.

ಜೂನ್ 5, ಗುರುವಾರ

ಅವಳದು ತಪ್ಪಲ್ಲ.

ಇವತ್ತು ಸಿಟ್ಟಿನಿಂದ, “ಯಾಕ ಅಲ್ಲೇ ನಿಂದರ್ತೀಯವ್ವ?” ಎಂದೆ. ಅವಳು ಎದ್ದು ಸೀರೆಯ ಉಡಿ ಕಟ್ಟಿ ತೋರಿಸಿದಳು. ಗಿಡಕ್ಕೆ ಬಾಗಿ ಎರಡೂ ಕೈಯಿಂದ ಹತ್ತಿ ಬಿಡಿಸುವುದು, ಉಡಿಗೆ ಹಾಕುವುದು, ಮುಂದಿನ ಗಿಡಕ್ಕೆ ಒಂದು ಹೆಜ್ಜೆ ಇಡುವುದು. ಆ ಹೆಜ್ಜೆಯಲ್ಲಿ ಉಸಿರು. ‘ಒಡವ್ಯಾಗಿ’ಗೆ ಒಂದು ಗಿಡ ಮುಗಿಯುತ್ತದೆ, ‘ಇರುವಾಗ’ ಎನ್ನುವಾಗ ಮುಂದಿನ ಗಿಡ.

“ನಮ್ಮಜ್ಜಿ ಹಿಂಗ ಹಾಡತಿದ್ಲುರಿ.”

ಅವಳ ಅಜ್ಜಿ ಸುಭದ್ರಮ್ಮ. ನಾನು ಹತ್ತು ವರ್ಷದವಳಿದ್ದಾಗ ಅವ್ವನ ಜೊತೆ ಹತ್ತಿ ಬಿಡಿಸಲು ಹೋಗುತ್ತಿದ್ದೆ. ಸಾಲಿನ ಮುಂದೆ ಸುಭದ್ರಮ್ಮ ಇರುತ್ತಿದ್ದಳು. ಆ ಪದ ಎತ್ತುತ್ತಿದ್ದವಳು ಅವಳು. ಅವ್ವ ಹಿಂದೆ ಸೊಲ್ಲು ಹಿಡಿಯುತ್ತಿದ್ದಳು. ಅದು ನಮ್ಮವ್ವನ ಪದ ಎಂದು ನಾನು ಎಲ್ಲ ಕಡೆ ಹೇಳಿಕೊಂಡು ಬಂದೆ. ಹಂದರದಲ್ಲಿ ನಿಂತು ಹಾಡಿ ಹಾಡಿ, ಕೈ ಮಾಡುವ ಕೆಲಸವನ್ನು ಪದದಿಂದ ತೆಗೆದುಹಾಕಿದ್ದೆ. ಈಶ್ವರಿ ಇಷ್ಟು ದಿನ ಹಿಂದೆ ನಿಂತು ಇದನ್ನು ಕೇಳಿಸಿಕೊಳ್ಳುತ್ತಿದ್ದಳು, ಒಂದು ದಿನವೂ ತುಟಿ ಬಿಚ್ಚಲಿಲ್ಲ.

ಹಾಗಾದರೆ ಅವ್ವನವು ಎಂಟು.

ಜೂನ್ 11, ಬುಧವಾರ

ಕಾರ ಹುಣ್ಣಿಮೆ. ಹೋಳಿಗೆ ಮಾಡಿದೆ. ಈಶ್ವರಿ, ಜಯಕ್ಕ, ರಾಮಲಕ್ಷ್ಮಿ ನಮ್ಮ ಮನೆಯಲ್ಲೇ ಉಂಡರು. ಯಜಮಾನರು ಈಶ್ವರಿಗೆ ಜಂಪರು ಹೊಲಿಯಲು ಅಳತೆ ಬರೆದುಕೊಂಡರು. ಮುಂದೆ ನಿಲ್ಲುವವಳು ಚೆಂದ ಕಾಣಬೇಕು ಎಂದು ನಾನೇ ಹೇಳಿದ್ದೆ.

ಜುಲೈ 8, ಮಂಗಳವಾರ

ಮರಿಬಸಪ್ಪ ಸಾವ್ಕಾರರ ಫೋನು. ಬೇಲು ಎಲ್ಲ ಮಾರಿ ಆಯಿತಂತೆ. “ಗೋದಾಮು ಖಾಲಿ ಐತಿ. ಅದು ನನ್ನ ಹೆಸರಿನ್ಯಾಗ ಐತಿ, ಯಾರ ಕಾಗದದಾಗೂ ಇಲ್ಲ. ನಿಮ್ಮ ಹೆಣ್ಮಕ್ಕಳನ್ನ ಕರಕೊಂಡು ಬಾರವ್ವ” ಎಂದರು. ಖಾಲಿ ಗೋದಾಮಿನಲ್ಲಿ ದನಿ ಗುಂಯ್ ಎನ್ನುತ್ತದೆ ಸಾವ್ಕಾರ್ರಿ ಎಂದೆ. “ಅನ್ನಲಿ ಬಿಡು” ಎಂದರು.

ಜುಲೈ 20, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ನಾಲ್ವರೂ ಎಂಟು ಗಂಟೆಗೆ ಗೋದಾಮಿಗೆ ಹೋದೆವು. ಬೇಲುಗಳಿಲ್ಲದ ಗೋಡೆಗಳನ್ನು ನಾನು ನೋಡಿಯೇ ಇರಲಿಲ್ಲ. ಕಲ್ಲಿನ ಗೋಡೆ, ಮೇಲೆ ತಗಡು, ಮೂಲೆಯಲ್ಲಿ ಒಂದಿಷ್ಟು ಹತ್ತಿಯ ಚೂರು. ಕೆಮ್ಮಿದರೆ ನಾಲ್ಕು ಜನ ಕೆಮ್ಮಿದ ಹಾಗೆ ಕೇಳಿಸುತ್ತದೆ. ವಾಗೀಶ ಬಂದಿರಲಾರ ಅಂದುಕೊಂಡಿದ್ದೆ. ಮೈಕು ಹಿಡಿದುಕೊಂಡು ಒಳಗೇ ಕೂತಿದ್ದ. ಕಂಪನಿ ಹೋಯಿತು, ಹೆಸರು ಹೋಯಿತು, ಮೈಕು ಉಳಿದಿದೆ.

“ಅಕ್ಕಾರ, ನಾನ ರಿಕಾರ್ಡ್ ಮಾಡಿಕೊಡ್ತೀನ್ರಿ. ಸಹಿ ಗಿಹಿ ಏನೂ ಬ್ಯಾಡ.”

“ವೀಳ್ಯ?” ಎಂದೆ.

ಅವನು ನಾಚಿ ನಕ್ಕ. ಈಶ್ವರಿಯೇ ತನ್ನ ಕೈಚೀಲದಿಂದ ಎಲೆ ಅಡಿಕೆ ತೆಗೆದು ಅವನಿಗೆ ಕೊಟ್ಟಳು. ಅವನು ಎರಡೂ ಕೈಯಿಂದ ಹಿಡಿದ. ಹಾಡುವವಳು ಕೊಟ್ಟು ಮಾಲೀಕ ಹಿಡಿದ ವೀಳ್ಯವನ್ನು ನಾನು ಇದೇ ಮೊದಲು ನೋಡಿದೆ.

ಈಶ್ವರಿ ಮೈಕಿನ ಮುಂದೆ ನಿಂತಳು. ಹಸಿರು ಜಂಪರು. ನಾನು ಬಾಗಿಲ ಹತ್ತಿರ ಮಣೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂತೆ, ಅದೇ ನಮ್ಮ ಮಾತಾಗಿತ್ತು. ಅವಳು ಮೊದಲ ಸಾಲು ಎತ್ತಿದಳು. ದನಿ ಕಲ್ಲಿಗೆ ಬಡಿದು ತಗಡಿಗೆ ಏರಿ ವಾಪಸ್ಸು ಬಂತು. ಇಷ್ಟು ದಿನ ಹತ್ತಿ ನುಂಗುತ್ತಿದ್ದದ್ದು ಇದನ್ನೇ ಎಂದು ನನಗೆ ಗೊತ್ತಿರಲಿಲ್ಲ. ಕಾಗೆ ಗಂಟಲು ಎಂದ ನನ್ನ ನಾಲಿಗೆ ಸುಡಲಿ.

ಜಯಕ್ಕ, ರಾಮಲಕ್ಷ್ಮಿ ಸೊಲ್ಲು ಹಿಡಿದರು. ಇಬ್ಬರದೇ ದನಿ, ಆ ದೊಡ್ಡ ಗೋದಾಮಿಗೆ ತೆಳ್ಳಗಾಯಿತು. ಈಶ್ವರಿ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಅಕ್ಕಾರ, ಹಿಂದ ಒಂದು ದನಿ ಕಮ್ಮಿ ಐತಿ.”

ಎಲ್ಲರೂ ನನ್ನನ್ನೇ ನೋಡಿದರು. ಗೋಡೆಯೂ ನೋಡಿತು ಅನ್ನಿಸಿತು. ಆಗ ತಲೆಗೆ ಹೊಳೆಯಿತು. ಹಿಮ್ಮೇಳದ ದನಿಯನ್ನು ಗಾಯನವೆಂದು ಪರಿಗಣಿಸತಕ್ಕದ್ದಲ್ಲ. ನಾನೇ ಹಿಂದೆ ನಿಂತರೆ ಹೇಗೆ ಎಂದು ಸುಷ್ಮಾಳಿಗೆ ಫೋನು ಮಾಡಿದೆ. ಅವಳು ಎರಡು ನಿಮಿಷ ಕಾಗದ ತಿರುವಿದ ಸದ್ದು ಕೇಳಿಸಿತು. ಆಮೇಲೆ ಒಂದೇ ಸಮ ನಗತೊಡಗಿದಳು. “ಕೇಸು ಹಾಕಿದ್ರೂ ಹಾಕಬಹುದು ಅಕ್ಕಾರ. ಹಾಕ್ಲಿ. ಈ ಕಲಮನ್ನ ಜಡ್ಜಿ ಮುಂದ ನಾನು ಓದಬೇಕು. ಪಾಡಂಡಿ, ಹಾಡ್ರಿ.”

ಎದ್ದುಹೋಗಿ ಜಯಕ್ಕ, ರಾಮಲಕ್ಷ್ಮಿಯರ ನಡುವೆ ನಿಂತೆ. ಹಿಂದಿನಿಂದ ನೋಡಿದರೆ ಮುಂದೆ ನಿಂತವಳ ಬೆನ್ನು, ಜಡೆ, ಉಸಿರಿಗೆ ಏಳುವ ಭುಜ ಮಾತ್ರ ಕಾಣುತ್ತವೆ. ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂದು ಭುಜ ನೋಡಿ ತಿಳಿಯಬೇಕು. ಹಿಮ್ಮೇಳ ಸುಲಭವಲ್ಲ. ಮೂರನೆಯ ಪದದವರೆಗೆ ನಾನು ಎರಡು ಸಲ ತಪ್ಪಿದೆ, ಜಯಕ್ಕ ಮೊಣಕೈಯಿಂದ ತಿವಿದಳು. ನೂರು ದಿನದ ಮೇಲೆ ಬಾಯಿ ಬಿಟ್ಟು ಹಾಡಿದ್ದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಒಂಬತ್ತೂ ಮುಗಿದ ಮೇಲೆ ವಾಗೀಶ ಹೆಸರು ಬರೆದುಕೊಳ್ಳಲು ಕೂತ. ‘ಹತ್ತಿ ಬಿಡಿಸುವ ಕೈಗೆ’ ಪದ ಯಾರದು ಎಂದ. ಈಶ್ವರಿ ನನ್ನ ಮುಖ ನೋಡಿದಳು. “ಸುಭದ್ರಮ್ಮನದು” ಎಂದೆ. ಮುಮ್ಮೇಳ ಈಶ್ವರಿ. ಹಿಮ್ಮೇಳ ಜಯಕ್ಕ, ರಾಮಲಕ್ಷ್ಮಿ.

“ಮತ್ತ?” ಎಂದು ಪೆನ್ನು ಎತ್ತಿ ಹಿಡಿದ.

“‘ಮತ್ತೊಬ್ಬಾಕಿ’ ಅಂತ ಬರಿ” ಎಂದೆ.

ಜುಲೈ 29, ಮಂಗಳವಾರ

ಪಂಚಮಿ. ಬೇವಿನ ಮರದ ಜೋಕಾಲಿಯಲ್ಲಿ ಊರಿನ ಹುಡುಗಿಯರು ಅದೇ ಪದ ಹಾಡುತ್ತ ಜೀಕುತ್ತಿದ್ದರು. ಎಲ್ಲರೂ ‘ಒಡವ್ಯಾಗಿ’ ಆದ ಮೇಲೆ ಉಸಿರು ತೆಗೆದುಕೊಳ್ಳುತ್ತಾರೆ. ಉಂಡೆ ತಿಂದು ಹೊಟ್ಟೆ ಭಾರವಾಗಿದೆ, ಇವತ್ತು ಇಷ್ಟೇ ಸಾಕು.

ಆಗಸ್ಟ್ 18, ಸೋಮವಾರ

ಮತ್ತೆ ರಿಜಿಸ್ಟರ್ ಪತ್ರ. ಪೋಸ್ಟ್ ಮಾಸ್ಟರು ಓದಿದರು. ಈಶ್ವರಿ ಎಂಬುವರ ಹಾಡಿನಲ್ಲಿ ಹಿಂದೆ ಕೇಳುವ ದನಿಗಳಲ್ಲಿ ಒಂದು ನಿಮ್ಮದೆಂದು ನಮಗೆ ಅನುಮಾನವಿದೆ, ‘ಮತ್ತೊಬ್ಬಾಕಿ’ ಎಂದರೆ ಯಾರು, ಹದಿನೈದು ದಿನದಲ್ಲಿ ಉತ್ತರಿಸಿ, ಇಲ್ಲವಾದರೆ ಕ್ರಮ ಜರುಗಿಸಲಾಗುವುದು.

ಸುಳ್ಳು ಹೇಳಬಹುದಿತ್ತು. ಹಿಂದಿನ ದನಿಯನ್ನು ಇಂಥವಳದೆಂದು ಯಾವ ದೇವರೂ ಗುರುತಿಸಲಾರ. ಆದರೆ ಅಡಗಿಕೊಂಡು ಹಾಡುವುದಕ್ಕೆ ನಾನೇನು ಕದ್ದಿದ್ದೇನೆ? ಹಾಜರಿ ಪುಸ್ತಕದ ಒಂದು ಹಾಳೆ ಹರಿದು ಕೂತೆ. ಯಜಮಾನರು ಭುಜದ ಮೇಲಿಂದ ಇಣುಕಿ, “ಕನ್ನಡದಾಗ ಬರೀತಿಯಲ್ಲ, ಹೈದರಾಬಾದಿನ್ಯಾಗ ಯಾರು ಓದತಾರ?” ಎಂದರು.

“ಅವರ ಇಂಗ್ಲಿಷು ನಾನು ಓದಿಸಿಕೊಂಡೆ. ನನ್ನ ಕನ್ನಡ ಅವರು ಓದಿಸಿಕೊಳ್ಳಲಿ.”

ಬರೆದದ್ದರ ನಕಲು ಇಲ್ಲಿ ಇಡುತ್ತೇನೆ.

‘ಮಾನ್ಯರೆ, ನಿಮ್ಮ ಪತ್ರ ತಲುಪಿತು. ಅನುಮಾನ ಬೇಡ, ಆ ದನಿ ನನ್ನದೇ. ನಿಮ್ಮ ಕಾಗದದ ಏಳನೆಯ ಕಲಮನ್ನು ದಯವಿಟ್ಟು ಓದಿಕೊಳ್ಳಿರಿ. ಹಿಮ್ಮೇಳದವರು ಲೆಕ್ಕಕ್ಕಿಲ್ಲ, ಅವರ ದನಿ ಹಾಡಲ್ಲ ಎಂದು ನೀವೇ ಬರೆದಿದ್ದೀರಿ. ಒಂದು ಕಾಲಕ್ಕೆ ನಾನೂ ಹಾಗೆಯೇ ಹೇಳಿದ್ದೆ. ಮುಂದಿನ ತಿಂಗಳು ಹೆಬ್ಬಟಂನಲ್ಲಿ ಮದುವೆ ಇದೆ, ಈಶ್ವರಿಗೆ ವೀಳ್ಯ ಬಂದಿದೆ. ನಾನು ಅಲ್ಲಿಯೂ ಹಿಂದೆ ನಿಂತು ಹಾಡುವವಳಿದ್ದೇನೆ. ಬಂದು ಕೇಳಿರಿ.

ಇತಿ,
ದಸ್ತಗಿರಮ್ಮ, ಹಿಮ್ಮೇಳ,
ಹೊಳಗುಂದ.’